ಅಲ್ಟಿಮೇಟ್ ಕ್ರೀಡೆಯಲ್ಲಿ ಮಹಿಳಾ ಮತ್ತು ಮಿಶ್ರ ಸ್ಪರ್ಧೆಗಳು

ಹಾರುವ ಪ್ಲಾಸ್ಟಿಕ್ ಡಿಸ್ಕೊಂದನ್ನು ಸಹ ಆಟಗಾರರಿಗೆ ಎಸೆಯುತ್ತ ಮುಂದೊಯ್ದು ಎದುರು ಪಕ್ಷದ ಅಂತ್ಯವಲಯದೊಳಗೆ ಹಿಡಿಯುವುದರಿಂದ ಅಂಕವನ್ನು ಗಳಿಸುವ ಅಲ್ಟಿಮೇಟ್ ಎಂಬ ತಂಡದಾಟದಲ್ಲಿ, ಸ್ತ್ರೀಯರು ಮಾತ್ರವೇ ಆಡುವ ಸ್ಪರ್ಧೆಗೆ ಮಹಿಳಾ ವಿಭಾಗವೆಂದೂ, ಸ್ತ್ರೀಪುರುಷರು ನಿಯತವಾದ ಪ್ರಮಾಣದಲ್ಲಿ ಒಂದೇ ತಂಡವಾಗಿ ಕೂಡಿ ಆಡುವ ಸ್ಪರ್ಧೆಗೆ ಮಿಶ್ರ ವಿಭಾಗವೆಂದೂ ಹೆಸರು. ಯಾವ ಲಿಂಗದವರಿಗೂ ನಿಯಮತಃ ನಿಷೇಧವಿಲ್ಲದಿದ್ದರೂ ವಸ್ತುತಃ ಪುರುಷರೇ ಆಡುತ್ತಿರುವ ಮೂರನೆಯ ವಿಭಾಗವನ್ನು ಅಂತಾರಾಷ್ಟ್ರೀಯ ವ್ಯವಹಾರದಲ್ಲಿ ಮುಕ್ತ ವಿಭಾಗವೆಂದು ಕರೆಯುತ್ತಾರೆ. ಬೇರೆ ಬಹುತೇಕ ತಂಡದಾಟಗಳಲ್ಲಿ ಮಿಶ್ರ ಸ್ಪರ್ಧೆಯು ವಿನೋದಕ್ಕಷ್ಟೇ ಮೀಸಲಾಗಿದ್ದರೆ, ಅಲ್ಟಿಮೇಟಿನಲ್ಲಾದರೋ ವಿಶ್ವ ಕ್ರೀಡಾಕೂಟವೆಂಬ ಬಹುಕ್ರೀಡಾಕೂಟದ ಪದಕಗಳು ಸಲ್ಲುವುದು ಮಿಶ್ರ ವಿಭಾಗಕ್ಕೇ. ಈ ಕ್ರೀಡೆಯನ್ನು ಅಭ್ಯಾಸ ಮಾಡುವವರು ಮೊದಲು ಗಮನಿಸಬೇಕಾದ ವೈಶಿಷ್ಟ್ಯವಿದು.

ಉಗಮ ಮತ್ತು ಇತಿಹಾಸ

ಅಲ್ಟಿಮೇಟ್ ಹುಟ್ಟಿದುದು 1968ರಲ್ಲಿ, ಅಮೆರಿಕದ ನ್ಯೂ ಜೆರ್ಸಿ ರಾಜ್ಯದ ಮೇಪಲ್‌ವುಡ್ ಎಂಬ ಊರಿನ ಕೊಲಂಬಿಯಾ ಹೈಸ್ಕೂಲಿನಲ್ಲಿ. ಮುಂದೆ ಹಾಲಿವುಡ್ಡಿನ ಚಲನಚಿತ್ರ ನಿರ್ಮಾಪಕನಾಗಿ ಪ್ರಸಿದ್ಧನಾದ ಜೋಯೆಲ್ ಸಿಲ್ವರನು ಈ ಆಟವನ್ನು ಅಲ್ಲಿನ ವಿದ್ಯಾರ್ಥಿಗಳ ಮುಂದಿಟ್ಟನು. ಬಜ್ಜಿ ಹೆಲ್‌ರಿಂಗ್, ಜಾನ್ ಹೈನ್ಸ್ ಮೊದಲಾದ ಸಹಪಾಠಿಗಳು ಅದರ ನಿಯಮಗಳಿಗೆ ಲಿಖಿತರೂಪವನ್ನು ಕೊಟ್ಟರು. ಶಾಲೆಯ ಕಾರು ನಿಲ್ಲಿಸುವ ಅಂಗಳವೇ, ರಾತ್ರಿಯ ದೀಪಗಳ ಬೆಳಕಿನಲ್ಲಿ, ಅವರ ಮೊದಲ ಮೈದಾನವಾಯಿತು. ಆ ಹುಡುಗರು ಕಾಲೇಜುಗಳಿಗೆ ಚದುರಿದಂತೆಲ್ಲ ಆಟವೂ ಅವರೊಡನೆ ಪಸರಿಸಿ, 1972ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ನಡುವೆ ಮೊದಲ ಅಂತರ್ವಿಶ್ವವಿದ್ಯಾಲಯ ಪಂದ್ಯವು ನಡೆದು, ರಟ್ಗರ್ಸ್ 29–27ರಿಂದ ಜಯಶಾಲಿಯಾಯಿತು.

ಈ ಆರಂಭಕಾಲದಲ್ಲಿ ಸ್ತ್ರೀಯರಿಗೆಂದು ಬೇರೆಯ ವಿಭಾಗವಿರಲಿಲ್ಲ. ಆಡಬಯಸಿದ ಹೆಣ್ಣುಮಕ್ಕಳು ಪುರುಷರೇ ಬಹುಸಂಖ್ಯಾತರಾಗಿದ್ದ ತಂಡಗಳಲ್ಲಿ ಒಬ್ಬಿಬ್ಬರಾಗಿ ಸೇರಿಕೊಳ್ಳುತ್ತಿದ್ದರು. ನಿಯಮವು ಅವರನ್ನು ತಡೆಯಲಿಲ್ಲವಾದರೂ ಅವರಿಗೆ ಸ್ಥಾನವನ್ನೇನೂ ಕಾದಿಡಲಿಲ್ಲ. 1979ರಲ್ಲಿ ಅಮೆರಿಕದ ಆಟಗಾರರು ಅಲ್ಟಿಮೇಟ್ ಪ್ಲೇಯರ್ಸ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡ ತರುವಾಯ, 1981ರಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿಗೆ ಮಹಿಳಾ ವಿಭಾಗವು ಸೇರ್ಪಡೆಯಾಯಿತು. 2010ರಲ್ಲಿ ಯುಎಸ್ಎ ಅಲ್ಟಿಮೇಟ್ ಎಂದು ಹೆಸರು ಬದಲಿಸಿಕೊಂಡ ಸಂಸ್ಥೆಯು ಇದೇ. 1983ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿಯೇ ಮಹಿಳಾ ವಿಭಾಗವೂ ಇತ್ತೆಂಬುದು ಉಲ್ಲೇಖನೀಯ. ಫುಟ್‌ಬಾಲಿನಲ್ಲಿ ಪುರುಷರ ವಿಶ್ವಕಪ್ 1930ರಲ್ಲಿಯೂ ಮಹಿಳೆಯರ ವಿಶ್ವಕಪ್ 1991ರಲ್ಲಿಯೂ ಆರಂಭವಾದುದನ್ನು ನೆನೆದರೆ ಈ ಸಮಕಾಲೀನತೆಯ ಮಹತ್ತ್ವವು ತಿಳಿಯುತ್ತದೆ. 1985ರಲ್ಲಿ ವಿಶ್ವ ಹಾರುವ ಡಿಸ್ಕ್ ಒಕ್ಕೂಟವು ಸ್ಥಾಪಿತವಾಗಿ ಅಂತಾರಾಷ್ಟ್ರೀಯ ನಿಯಮಗಳೂ ಸ್ಪರ್ಧೆಗಳೂ ಅದರ ಆಡಳಿತಕ್ಕೆ ಬಂದುವು. ಅಮೆರಿಕದ ಕಾಲೇಜು ಸ್ಪರ್ಧೆಯಲ್ಲಿ ಮಹಿಳಾ ವಿಭಾಗವು 1987ರಿಂದ ನಡೆಯುತ್ತಿದೆ.

ಮಿಶ್ರ ವಿಭಾಗದ ಮಾನ್ಯತೆ ಇದಕ್ಕಿಂತ ತಡವಾಗಿ ಬಂದಿತು. ವಾರಾಂತ್ಯದ ನಗರ ಲೀಗುಗಳಲ್ಲಿಯೂ ಕಡಲತೀರದ ಕೂಟಗಳಲ್ಲಿಯೂ ಸ್ತ್ರೀಪುರುಷರು ಕೂಡಿ ಆಡುವುದು ಮೊದಲಿನಿಂದ ವಾಡಿಕೆಯಾಗಿದ್ದಿತಾದರೂ, ಅದನ್ನು ಗಂಭೀರ ಸ್ಪರ್ಧೆಯೆಂದು ಗಣಿಸಿ ಅಮೆರಿಕದ ರಾಷ್ಟ್ರೀಯ ಕ್ಲಬ್ ಚಾಂಪಿಯನ್‌ಷಿಪ್ಪಿನಲ್ಲಿ ಸ್ಥಾನ ಕೊಟ್ಟುದು 1998ರಲ್ಲಿ. ಅದೇ ವರ್ಷ ಮಿನೆಸೋಟ ರಾಜ್ಯದ ಬ್ಲೇನ್ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿಯೂ ಮಿಶ್ರ ವಿಭಾಗವು ಪ್ರಥಮತಃ ಕಾಣಿಸಿಕೊಂಡಿತು. ಅದಾದ ಮೂರೇ ವರ್ಷಗಳಿಗೆ, 2001ರಲ್ಲಿ, ಜಪಾನಿನ ಅಕಿತಾದಲ್ಲಿ ನಡೆದ ವಿಶ್ವ ಕ್ರೀಡಾಕೂಟಕ್ಕೆ ಅಲ್ಟಿಮೇಟ್ ಪದಕದ ಕ್ರೀಡೆಯಾಗಿ ಪ್ರವೇಶ ಪಡೆದಾಗ, ಪ್ರವೇಶ ಪಡೆದುದು ಮಿಶ್ರ ರೂಪದಲ್ಲಿಯೇ. ಅಲ್ಟಿಮೇಟಿಗೆ ಒಂದೇ ಪದಕಾವಳಿಯೂ ಸೀಮಿತ ಸಂಖ್ಯೆಯ ಆಟಗಾರರೂ ದೊರೆಯುವ ಕೂಟದಲ್ಲಿ, ಮಿಶ್ರ ವಿಭಾಗವನ್ನು ಆರಿಸಿಕೊಂಡರೆ ಸ್ತ್ರೀಪುರುಷರಿಬ್ಬರಿಗೂ ಅವಕಾಶ ದೊರೆಯುವುದು. ಆದರ್ಶಕ್ಕೂ ಅನುಕೂಲಕ್ಕೂ ಹೀಗೆ ಒಮ್ಮೆಗೆ ಮೇಳ ಕೂಡಿಬಂದುದರಿಂದಲೇ ಮಿಶ್ರ ವಿಭಾಗದ ಪ್ರತಿಷ್ಠೆ ಅಷ್ಟು ಶೀಘ್ರವಾಗಿ ಏರಿತು.

ಆಟದ ರಚನೆ

ಅಂತಾರಾಷ್ಟ್ರೀಯ ನಿಯಮದಂತೆ ಮೈದಾನವು 100 ಮೀಟರ್ ಉದ್ದ, 37 ಮೀಟರ್ ಅಗಲವಿದ್ದು, ಎರಡು ತುದಿಗಳಲ್ಲಿ 18 ಮೀಟರ್ ಆಳದ ಅಂತ್ಯವಲಯಗಳೂ ನಡುವೆ 64 ಮೀಟರಿನ ಆಟದ ವಲಯವೂ ಇರುತ್ತವೆ. ಪ್ರತಿ ಪಕ್ಷದಿಂದ ಏಳು ಮಂದಿ ಕಣಕ್ಕಿಳಿಯುತ್ತಾರೆ. ಒಂದು ಪಕ್ಷವು ತನ್ನ ಅಂತ್ಯವಲಯದ ರೇಖೆಯಿಂದ ಡಿಸ್ಕನ್ನು ಇನ್ನೊಂದು ಪಕ್ಷದತ್ತ ದೂರಕ್ಕೆ ಎಸೆಯುವುದರೊಂದಿಗೆ ಪ್ರತಿಯೊಂದು ಅಂಕದ ಆಟವೂ ಮೊದಲಾಗುತ್ತದೆ. ಈ ಎಸೆತಕ್ಕೆ ಪುಲ್ ಎಂದು ಹೆಸರು. ಡಿಸ್ಕ್ ಹಿಡಿದವರು ಓಡುವಂತಿಲ್ಲ. ಒಂದು ಪಾದವನ್ನು ನೆಲಕ್ಕೆ ಕೀಲಿಸಿ ತಿರುಗಬಹುದಷ್ಟೆ. ಕಾವಲಿಗೆ ನಿಂತ ಎದುರಾಳಿ ಗಟ್ಟಿಯಾಗಿ ಎಣಿಸುವ ಹತ್ತು ಸೆಕೆಂಡುಗಳೊಳಗಾಗಿ ಎಸೆಯಬೇಕು. ಎಸೆತವು ನೆಲಕ್ಕೆ ಬಿದ್ದರೆ, ಗೆರೆಯಾಚೆ ಹೋದರೆ, ಇಲ್ಲವೆ ಎದುರಾಳಿಯ ಕೈ ಸೇರಿದರೆ ಆಕ್ರಮಣದ ಹಕ್ಕು ಆ ಕ್ಷಣವೇ ಎದುರು ಪಕ್ಷಕ್ಕೆ ಸಲ್ಲುತ್ತದೆ. ಸಾಮಾನ್ಯವಾಗಿ ಮೊದಲು 15 ಅಂಕ ಗಳಿಸಿದ ತಂಡಕ್ಕೆ ಜಯ.

ಮಹಿಳಾ ವಿಭಾಗಕ್ಕೂ ಮಿಶ್ರ ವಿಭಾಗಕ್ಕೂ ಮುಕ್ತ ವಿಭಾಗಕ್ಕೂ ಅಂಗಣದ ಅಳತೆ, ಅಂಕಗಳ ಮಿತಿ, 175 ಗ್ರಾಂ ತೂಕದ ಡಿಸ್ಕ್, ಇವೆಲ್ಲವೂ ಒಂದೇ. ಬಾಸ್ಕೆಟ್‌ಬಾಲಿನಲ್ಲಿ ಮಹಿಳೆಯರ ಚೆಂಡು ಕಿರಿದು. ವಾಲಿಬಾಲಿನಲ್ಲಿ ಪುರುಷರಿಗೆ 2.43 ಮೀಟರ್ ಎತ್ತರದ ಬಲೆಯಾದರೆ ಮಹಿಳೆಯರಿಗೆ 2.24 ಮೀಟರ್. ಇಂತಹ ಯಾವ ಮಾರ್ಪಾಡೂ ಅಲ್ಟಿಮೇಟಿನಲ್ಲಿಲ್ಲದಿರುವುದೇ ಸ್ತ್ರೀಪುರುಷರು ಒಂದೇ ಅಂಗಣದಲ್ಲಿ ಕೂಡಿ ಆಡುವುದಕ್ಕೆ ಇರುವ ಮೊದಲ ಅನುಕೂಲ. ಡಿಸ್ಕಿನ ಹಾರಾಟವು ಬಲಕ್ಕಿಂತ ಹೆಚ್ಚಾಗಿ ಮಣಿಕಟ್ಟಿನಿಂದ ಬರುವ ತಿರುಗುವೇಗವನ್ನೂ ಬಿಡುವ ಕೋನವನ್ನೂ ಗಾಳಿಯ ಅಂದಾಜನ್ನೂ ಅವಲಂಬಿಸಿರುವುದು ಎರಡನೆಯದು.

ಲಿಂಗಾನುಪಾತದ ನಿಯಮ

ಏಳು ಮಂದಿಯನ್ನು ಸಮವಾಗಿ ಹಂಚುವುದು ಅಸಾಧ್ಯವಾದ್ದರಿಂದ ಮಿಶ್ರ ವಿಭಾಗದಲ್ಲಿ ಪ್ರತಿಯೊಂದು ಅಂಕಕ್ಕೂ ಒಂದು ಲಿಂಗದವರು ನಾಲ್ವರು, ಇನ್ನೊಂದು ಲಿಂಗದವರು ಮೂವರು ಆಡುತ್ತಾರೆ. ಎರಡು ತಂಡಗಳೂ ಒಂದೇ ಅನುಪಾತವನ್ನು ಅನುಸರಿಸತಕ್ಕದ್ದು. ಯಾವ ಅಂಕಕ್ಕೆ ಯಾರು ನಾಲ್ವರಾಗಬೇಕೆಂಬುದನ್ನು ತೀರ್ಮಾನಿಸಲು ಮುಖ್ಯವಾಗಿ ಎರಡು ಪದ್ಧತಿಗಳು ಪ್ರಚಾರದಲ್ಲಿವೆ. ನಿಯತಕ್ರಮವೆನ್ನಬಹುದಾದ ಮೊದಲನೆಯದರಲ್ಲಿ, ಡಿಸ್ಕನ್ನು ನಾಣ್ಯದಂತೆ ಚಿಮ್ಮಿ ಮೊದಲ ಅಂಕದ ಅನುಪಾತವನ್ನು ಗೊತ್ತುಮಾಡುತ್ತಾರೆ. ಎರಡನೆಯ ಮತ್ತು ಮೂರನೆಯ ಅಂಕಗಳಿಗೆ ಅದರ ವಿಪರ್ಯಯ. ಬಳಿಕ ಎರಡೆರಡು ಅಂಕಗಳಿಗೊಮ್ಮೆ ಅನುಪಾತವು ಬದಲಾಗುತ್ತ ಹೋಗುತ್ತದೆ. ಇದರಿಂದ ಪಂದ್ಯದುದ್ದಕ್ಕೂ ಇಬ್ಬರಿಗೂ ಹೆಚ್ಚು ಕಡಿಮೆ ಸಮನಾದ ಅವಕಾಶವು ತಾನಾಗಿಯೇ ದೊರೆಯುತ್ತದೆ. ಎರಡನೆಯ ಪದ್ಧತಿಯಲ್ಲಿ ಎರಡು ಅಂತ್ಯವಲಯಗಳಲ್ಲೊಂದನ್ನು ಮೊದಲೇ ಗುರುತು ಮಾಡಿ, ಆ ತುದಿಯಿಂದ ಆಟವನ್ನಾರಂಭಿಸುವ ತಂಡಕ್ಕೆ ಆಯಾ ಅಂಕದ ಅನುಪಾತವನ್ನು ಆರಿಸುವ ಅಧಿಕಾರವನ್ನು ಕೊಡಲಾಗುತ್ತದೆ. ಈ ಎರಡನೆಯದರಲ್ಲಿ ತಂತ್ರಕ್ಕೆ ಎಡೆಯುಂಟು, ಆದರೆ ತಂಡಗಳೆಲ್ಲವೂ ನಾಲ್ವರು ಪುರುಷರನ್ನೇ ಆರಿಸಿಕೊಳ್ಳತೊಡಗಿದರೆ ಸ್ತ್ರೀಯರ ಪಾಲು ಕುಗ್ಗುವುದೂ ಉಂಟು. ಅದರಿಂದಾಗಿ ಸಮಾನತೆಯ ದೃಷ್ಟಿಯಿಂದ ನಿಯತಕ್ರಮವೇ ಶ್ರೇಯಸ್ಕರವೆಂದು ಹೇಳಬೇಕಾಗುತ್ತದೆ.

ಅಂಕವೊಂದು ಆರಂಭವಾಗುವ ಮುನ್ನ ನಡೆಯುವ ಕ್ರಿಯೆಯನ್ನು ಸಮೀಪದಿಂದ ನೋಡಿದರೆ ಈ ನಿಯಮದ ವ್ಯವಹಾರರೂಪವು ಸ್ಪಷ್ಟವಾಗುತ್ತದೆ. ತಂಡದ ಏಳು ಮಂದಿ ತಮ್ಮ ರೇಖೆಯ ಮೇಲೆ ಸಾಲಾಗಿ ನಿಲ್ಲುತ್ತಾರೆ. ಸ್ತ್ರೀಯರು ನಾಲ್ವರಾದರೆ ಒಬ್ಬರು ಎರಡೂ ಕೈಗಳನ್ನು ತಲೆಯ ಹಿಂದೆ ಹೆಣೆದು ಮೊಳಕೈಗಳನ್ನು ಪಕ್ಕಕ್ಕೆ ಚಾಚುತ್ತಾರೆ. ಪುರುಷರು ನಾಲ್ವರಾದರೆ ತೋಳುಗಳೆರಡನ್ನೂ ಇಕ್ಕೆಲಗಳಿಗೆ ನೀಳವಾಗಿ ಹರಡುತ್ತಾರೆ. ಅರವತ್ತನಾಲ್ಕು ಮೀಟರಿನಾಚೆ ನಿಂತವರಿಗೂ ಕಾಣುವ ಈ ಸಂಕೇತಕ್ಕೆ ಎದುರು ತಂಡವು ಅದೇ ಸಂಕೇತದಿಂದ ಉತ್ತರ ಕೊಟ್ಟ ಮೇಲೆ, ರಕ್ಷಣೆಯ ಪಕ್ಷದವರು ತಾವು ಯಾರನ್ನು ಕಾಯುವರೆಂಬುದನ್ನು ಬೆರಳು ತೋರಿ ಹಂಚಿಕೊಳ್ಳುತ್ತಾರೆ, ಪುಲ್ ಎಸೆಯುವವರು ಕೈಯೆತ್ತುತ್ತಾರೆ, ಎದುರಿನಿಂದಲೂ ಒಂದು ಕೈ ಮೇಲೇಳುತ್ತದೆ, ಡಿಸ್ಕ್ ಗಾಳಿಗೇರುತ್ತದೆ.

ಲಿಂಗವನ್ನು ನಿರ್ಧರಿಸುವ ಪರಿಭಾಷೆಯೂ ಇತ್ತೀಚಿನ ವರ್ಷಗಳಲ್ಲಿ ಪರಿಷ್ಕಾರಗೊಂಡಿದೆ. ಆಟಗಾರರನ್ನು ನೇರವಾಗಿ ಸ್ತ್ರೀ, ಪುರುಷ ಎಂದು ವರ್ಗೀಕರಿಸುವುದಕ್ಕೆ ಪ್ರತಿಯಾಗಿ, ಎದುರು ಪಕ್ಷದ ಯಾರಿಗೆ ಜೋಡಿಯಾಗಿ ಆಡುವರೆಂಬುದನ್ನು ಆಧರಿಸಿ ಮಹಿಳಾ ಜೋಡಿಯ ಆಟಗಾರರು, ಪುರುಷ ಜೋಡಿಯ ಆಟಗಾರರು ಎಂಬ ವಿಭಜನೆಯು ಅನೇಕ ಕಡೆ ಬಳಕೆಗೆ ಬಂದಿದೆ.

ವ್ಯೂಹಗಳು ಮತ್ತು ಆಟದ ಸ್ವರೂಪ

ಆಕ್ರಮಣದಲ್ಲಿ ಡಿಸ್ಕನ್ನು ಹತ್ತಿರದಿಂದ ನಿಯಂತ್ರಿಸಿ ಹಂಚುವವರಿಗೆ ಹ್ಯಾಂಡ್ಲರ್ ಎಂದೂ, ಓಡಿ ಬಿಡುವು ಮಾಡಿಕೊಂಡು ಹಿಡಿಯುವವರಿಗೆ ಕಟ್ಟರ್ ಎಂದೂ ಹೆಸರು. ರಕ್ಷಣೆಯಲ್ಲಿ ಒಬ್ಬೊಬ್ಬರು ಒಬ್ಬೊಬ್ಬರನ್ನು ಬೆನ್ನಟ್ಟುವ ಕ್ರಮವೂ, ಮೈದಾನದ ಭಾಗಗಳನ್ನು ಹಂಚಿಕೊಂಡು ಕಾಯುವ ಜೋನ್ ಕ್ರಮವೂ ಪ್ರಸಿದ್ಧ. ಮಹಿಳಾ ವಿಭಾಗದಲ್ಲಿ ಈ ಎಲ್ಲ ಪಾತ್ರಗಳನ್ನೂ ಸ್ತ್ರೀಯರೇ ವಹಿಸಬೇಕಾಗುವುದರಿಂದ, ದೀರ್ಘ ಎಸೆತ, ಗಾಳಿಗೆದುರಾದ ಎಸೆತ, ಪುಲ್, ಇಕ್ಕಟ್ಟಿನಲ್ಲಿ ಡಿಸ್ಕನ್ನು ಉಳಿಸಿಕೊಳ್ಳುವ ಹೊಣೆ, ಇವು ಯಾವುದೂ ಅನ್ಯರ ಪಾಲಾಗುವುದಿಲ್ಲ. ಈ ವಿಭಾಗವು ಸ್ವತಂತ್ರವಾಗಿ ಉಳಿದು ಬೆಳೆಯಬೇಕೆಂದು ವಾದಿಸುವವರ ಮುಖ್ಯ ಆಧಾರವೂ ಇದೇ.

ಮಿಶ್ರ ವಿಭಾಗದ ವ್ಯೂಹರಚನೆ ಇನ್ನಷ್ಟು ಸಂಕೀರ್ಣ. ಒಂದೇ ಲಿಂಗದವರು ಪರಸ್ಪರ ಕಾಯುವುದು ಇಲ್ಲಿ ನಿಯಮವಲ್ಲ, ವಾಡಿಕೆ. ರಕ್ಷಣೆಯ ಪುರುಷನೊಬ್ಬನು ತನ್ನ ಜೋಡಿಯನ್ನು ಬಿಟ್ಟು, ದೀರ್ಘ ಎಸೆತಕ್ಕೆ ಓಡುತ್ತಿರುವ ಸ್ತ್ರೀಯ ದಾರಿಗೆ ಅಡ್ಡ ಬರುವುದೂ, ಅದನ್ನರಿತ ಆಕ್ರಮಣದ ಪಕ್ಷವು ಅವನು ಬಿಟ್ಟುಬಂದ ತೆರವನ್ನು ಬಳಸಿಕೊಳ್ಳುವುದೂ ಈ ವಿಭಾಗದ ನಿತ್ಯದ ಚದುರಂಗ. ಅಂಕಣದಲ್ಲಿ ಸಂಖ್ಯೆಯ ಸಮಾನತೆ ಸಿದ್ಧಿಸಿದ ಮಾತ್ರಕ್ಕೆ ಡಿಸ್ಕಿನ ಸಮಾನತೆಯು ಸಿದ್ಧಿಸುವುದಿಲ್ಲವೆಂಬುದು ಮಿಶ್ರ ವಿಭಾಗದ ಕುರಿತ ಚರ್ಚೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಆಕ್ಷೇಪ: ಬಿಡುವಾಗಿ ನಿಂತ ಆಟಗಾರ್ತಿಯನ್ನು ಕಂಡೂ ಎಸೆಯದೆ ದೂರದ ಪುರುಷನಿಗಾಗಿ ಕಾಯುವ ಹ್ಯಾಂಡ್ಲರನು ನಿಯಮವನ್ನು ಮುರಿಯುತ್ತಿಲ್ಲವಾದರೂ, ನಾಲ್ವರು ಸ್ತ್ರೀಯರಿರುವ ತಂಡವನ್ನು ವಸ್ತುತಃ ಮೂವರ ತಂಡವನ್ನಾಗಿಸುತ್ತಾನೆ. ಉನ್ನತ ಮಟ್ಟದಲ್ಲಿ ಇದಕ್ಕೆ ಶಿಕ್ಷೆಯೂ ಕೂಡಲೇ ಒದಗುತ್ತದೆ. ಎಸೆಯಲಾರರೆಂದು ತಿಳಿದವರನ್ನು ಎದುರಾಳಿಗಳು ಕಾಯುವುದನ್ನೇ ಬಿಟ್ಟು ಉಳಿದವರ ಮೇಲೆ ಮುಗಿಬೀಳುತ್ತಾರೆ. ಆದಕಾರಣ ವಿಶ್ವಮಟ್ಟದ ಮಿಶ್ರ ತಂಡಗಳಲ್ಲಿ ಸ್ತ್ರೀಯರು ಹ್ಯಾಂಡ್ಲರುಗಳಾಗಿರುವುದು ಸರ್ವಸಾಮಾನ್ಯ.

ಸ್ವಯಂತೀರ್ಪು

ಅಂತಾರಾಷ್ಟ್ರೀಯ ನಿಯಮದಂತೆ ಆಡುವ ಅಲ್ಟಿಮೇಟಿನಲ್ಲಿ ಪಂಚರಿಲ್ಲ. ತಪ್ಪುಗಳನ್ನು ಆಟಗಾರರೇ ಕೂಗಿ ಹೇಳಿ, ತಮ್ಮೊಳಗೇ ಮಾತನಾಡಿ ತೀರ್ಮಾನಿಸುತ್ತಾರೆ. ಒಮ್ಮತವಾಗದಿದ್ದರೆ ಡಿಸ್ಕ್ ಹಿಂದಿನ ಎಸೆತಗಾರರಿಗೆ ಮರಳುತ್ತದೆ. ಸ್ಪಿರಿಟ್ ಆಫ್ ದ ಗೇಮ್ ಎಂಬ ಈ ತತ್ತ್ವವು ನಿಯಮಾವಳಿಯ ಆದಿಯಲ್ಲಿಯೇ ಪ್ರತಿಷ್ಠಿತವಾಗಿದೆ. ಪಂದ್ಯ ಮುಗಿದ ಮೇಲೆ ಪ್ರತಿ ತಂಡವೂ ಎದುರು ತಂಡಕ್ಕೆ ನಿಯಮಜ್ಞಾನ, ದೇಹಸಂಪರ್ಕದ ವರ್ಜನೆ, ನಿಷ್ಪಕ್ಷಪಾತ, ಆತ್ಮಸಂಯಮ, ಸಂವಹನ ಎಂಬ ಐದು ವಿಷಯಗಳಲ್ಲಿ ಸೊನ್ನೆಯಿಂದ ನಾಲ್ಕರವರೆಗೆ ಅಂಕಗಳನ್ನು ಕೊಡುತ್ತದೆ. ಗರಿಷ್ಠ ಮೊತ್ತ 20. ದೇಹದ ಗಾತ್ರದಲ್ಲಿಯೂ ವೇಗದಲ್ಲಿಯೂ ವ್ಯತ್ಯಾಸವುಳ್ಳವರು ಒಂದೇ ಡಿಸ್ಕಿಗೆ ಹಾರುವ ಮಿಶ್ರ ಪಂದ್ಯಗಳಲ್ಲಿ, ಸಂಪರ್ಕವನ್ನು ನಿಷೇಧಿಸುವ ನಿಯಮವೂ ಅದನ್ನು ಪಾಲಿಸುವ ಹೊಣೆಯನ್ನು ಆಟಗಾರರ ಮೇಲೆಯೇ ಹೊರಿಸುವ ಈ ಪದ್ಧತಿಯೂ ವಿಶೇಷ ಪ್ರಯೋಜನಕಾರಿಗಳಾಗಿವೆ. ಮಾತಿನಲ್ಲಿ ದನಿ ಜೋರಾದವರ ವಾದವೇ ಗೆಲ್ಲುವ ಅಪಾಯವು ಇದರ ಇನ್ನೊಂದು ಮುಖ; ಸಂವಹನಕ್ಕೂ ಸಂಯಮಕ್ಕೂ ಪ್ರತ್ಯೇಕ ಅಂಕಗಳಿರುವುದು ಇದಕ್ಕೆ ಒಂದು ಮಟ್ಟಿನ ಪ್ರತಿಬಂಧಕ.

ಪ್ರಕಾರಗಳು

ಹುಲ್ಲಿನ ಮೈದಾನದ ಏಳು ಮಂದಿಯ ಆಟವಲ್ಲದೆ, ಮರಳಿನ ಮೇಲೆ ಚಿಕ್ಕ ಅಂಗಣದಲ್ಲಿ ಐವರು ಆಡುವ ಕಡಲತೀರದ ಅಲ್ಟಿಮೇಟಿನಲ್ಲಿಯೂ ಮಹಿಳಾ ಮತ್ತು ಮಿಶ್ರ ವಿಭಾಗಗಳಿವೆ. ಅಲ್ಲಿನ ಅನುಪಾತ ಮೂವರಿಗೆ ಇಬ್ಬರು. ಇಟಲಿಯ ರಿಮಿನಿ ಕಡಲತೀರದಲ್ಲಿ 1991ರಿಂದ ನಡೆದುಬಂದ ಪಗನೆಲ್ಲೊ ಕೂಟವು ಈ ಪ್ರಕಾರದ ಪ್ರಚಾರಕ್ಕೆ ಬಹುವಾಗಿ ಕಾರಣವಾಯಿತು. ವಯಸ್ಸಿನ ಆಧಾರದ ಮೇಲೆ ಕಿರಿಯರ, 24 ವರ್ಷದೊಳಗಿನವರ ಹಾಗೂ ಮಾಸ್ಟರ್ಸ್ ಎನಿಸಿಕೊಳ್ಳುವ ಹಿರಿಯರ ಸ್ಪರ್ಧೆಗಳೂ ಇವೆ. ಹ್ಯಾಟ್ ಪಂದ್ಯಾವಳಿಯೆಂಬುದು ಇನ್ನೊಂದು ಬಗೆ: ಇಲ್ಲಿ ತಂಡವಾಗಿ ಬರುವಂತಿಲ್ಲ, ಒಬ್ಬೊಬ್ಬರೇ ಹೆಸರು ಕೊಟ್ಟು, ಅನುಭವವನ್ನೂ ಲಿಂಗವನ್ನೂ ನೋಡಿ ಸಂಘಟಕರು ಹಂಚಿದ ತಂಡದಲ್ಲಿ ಅಪರಿಚಿತರೊಡನೆ ಆಡಬೇಕು. ಹೊಸಬರು, ಮುಖ್ಯವಾಗಿ ಗೆಳತಿಯರ ಬಳಗವಿಲ್ಲದ ಹುಡುಗಿಯರು, ಆಟಕ್ಕೆ ಬರುವ ಸುಲಭದ ಬಾಗಿಲಿದು.

ಅಂತಾರಾಷ್ಟ್ರೀಯ ಸ್ಪರ್ಧೆಗಳು

ರಾಷ್ಟ್ರೀಯ ತಂಡಗಳ ವಿಶ್ವ ಚಾಂಪಿಯನ್‌ಷಿಪ್ ಮತ್ತು ಕ್ಲಬ್ಬುಗಳ ವಿಶ್ವ ಚಾಂಪಿಯನ್‌ಷಿಪ್ ಎಂಬ ಎರಡು ಸರಣಿಗಳಲ್ಲಿ ಮುಕ್ತ, ಮಹಿಳಾ, ಮಿಶ್ರ ವಿಭಾಗಗಳು ಜೊತೆಜೊತೆಯಾಗಿ ನಡೆಯುತ್ತವೆ. ಮಹಿಳಾ ವಿಭಾಗದಲ್ಲಿ ಅಮೆರಿಕದ ಪ್ರಾಬಲ್ಯವು ಬಹುಕಾಲದ್ದಾದರೂ ಅಭೇದ್ಯವಲ್ಲ. 2012ರಲ್ಲಿ ಜಪಾನಿನ ಸಕಾಯ್ ನಗರದ ಅಂತಿಮ ಪಂದ್ಯದಲ್ಲಿ ಆತಿಥೇಯ ಜಪಾನಿನ ಮಹಿಳೆಯರು ಅಮೆರಿಕವನ್ನು ಸೋಲಿಸಿ ವಿಶ್ವವಿಜೇತರಾದರು. ಎತ್ತರದಲ್ಲಿ ಎದುರಾಳಿಗಳಿಗಿಂತ ಕಡಿಮೆಯಿದ್ದ ಜಪಾನೀಯರು ವೇಗದ ಕಿರು ಎಸೆತಗಳಿಂದ ಕಟ್ಟಿದ ಆಟದ ಶೈಲಿಯು ಆ ಬಳಿಕ ಅನ್ಯತ್ರ ಅಭ್ಯಾಸದ ವಿಷಯವಾಯಿತು. ಕ್ಲಬ್ಬುಗಳ ಪೈಕಿ 1990ರ ದಶಕದಲ್ಲಿ ಬಾಸ್ಟನ್ನಿನ ಲೇಡಿ ಗೊಡೈವಾ, ತರುವಾಯ ಸಿಯಾಟಲಿನ ರಯಟ್ ಮತ್ತು 2006ರಿಂದ 2012ರವರೆಗೆ ಸತತವಾಗಿ ಏಳು ಬಾರಿ ಅಮೆರಿಕದ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದ ಸ್ಯಾನ್ ಫ್ರಾನ್ಸಿಸ್ಕೋದ ಫ್ಯೂರಿ ಪ್ರಮುಖ ಹೆಸರುಗಳು.

ನಾಲ್ಕು ವರ್ಷಗಳಿಗೊಮ್ಮೆ, ಒಲಿಂಪಿಕ್ಸಿನಲ್ಲಿಲ್ಲದ ಕ್ರೀಡೆಗಳಿಗಾಗಿ ನಡೆಯುವ ವಿಶ್ವ ಕ್ರೀಡಾಕೂಟದಲ್ಲಿ 2001ರ ಮೊದಲ ಚಿನ್ನವು ಕೆನಡಾಕ್ಕೆ ಸಂದಿತು. ಅನಂತರ 2005ರಲ್ಲಿ ಡ್ಯೂಸ್‌ಬರ್ಗ್, 2009ರಲ್ಲಿ ಕಾವೊಸ್ಯುಂಗ್, 2013ರಲ್ಲಿ ಕಾಲಿ, 2017ರಲ್ಲಿ ವ್ರೊಟ್ಸ್ವಾಫ್, ಹಾಗೂ ಕೋವಿಡ್ ಸಾಂಕ್ರಾಮಿಕದಿಂದಾಗಿ ಒಂದು ವರ್ಷ ಮುಂದಕ್ಕೆ ಹೋಗಿ 2022ರಲ್ಲಿ ಬರ್ಮಿಂಗ್‌ಹ್ಯಾಮ್, ಈ ಐದೂ ಕೂಟಗಳಲ್ಲಿ ಅಮೆರಿಕವೇ ಗೆದ್ದಿತು. 2017ರವರೆಗೆ ಆರು ತಂಡಗಳಿಗಷ್ಟೇ ಇದ್ದ ಪ್ರವೇಶವು 2022ರಲ್ಲಿ ಎಂಟಕ್ಕೇರಿತು. 2017ರಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗಳಿಸಿದ ಕೊಲಂಬಿಯಾ ದೇಶದ ಏಳಿಗೆಯು, ಅಲ್ಲಿನ ಮೆಡೆಯಿನ್ ನಗರದ ಮಹಿಳಾ ಆಟಗಾರರ ಬಲದ ಮೇಲೆ ನಿಂತಿರುವುದರಿಂದ, ಪ್ರಬಲವಾದ ಮಹಿಳಾ ವಿಭಾಗವಿಲ್ಲದೆ ಪ್ರಬಲವಾದ ಮಿಶ್ರ ತಂಡವಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ವೃತ್ತಿಪರ ಲೀಗುಗಳು

2012ರಲ್ಲಿ ಉತ್ತರ ಅಮೆರಿಕದಲ್ಲಿ ಪ್ರೇಕ್ಷಕರಿಗೆ ಟಿಕೆಟ್ ಮಾರುವ ಅಮೆರಿಕನ್ ಅಲ್ಟಿಮೇಟ್ ಡಿಸ್ಕ್ ಲೀಗ್ ಆರಂಭವಾದಾಗ ಅದು ಬಹುತೇಕ ಪುರುಷರ ಲೀಗೇ ಆಗಿತ್ತು. ವಿಡಿಯೊ ಪ್ರಸಾರವೂ ಪ್ರಾಯೋಜಕರ ಹಣವೂ ಒಂದೇ ಕಡೆಗೆ ಹರಿಯತೊಡಗಿದುವೆಂಬ ಅಸಮಾಧಾನವು ಬೆಳೆದು, 2017ರ ಅಂತ್ಯದಲ್ಲಿ ಹೆಸರಾಂತ ಅನೇಕ ಪುರುಷ ಆಟಗಾರರೇ, ಮಹಿಳೆಯರಿಗೆ ಸಮಾನ ಪ್ರಾತಿನಿಧ್ಯ ದೊರೆಯದಿದ್ದರೆ ಮುಂದಿನ ಋತುವಿನಲ್ಲಿ ಆಡುವುದಿಲ್ಲವೆಂದು ಬಹಿರಂಗವಾಗಿ ಸಹಿ ಹಾಕಿದರು. ಈ ವಿವಾದದ ಬೆನ್ನಿಗೇ ಮಹಿಳೆಯರು ತಮ್ಮದೇ ಪ್ರೀಮಿಯರ್ ಅಲ್ಟಿಮೇಟ್ ಲೀಗನ್ನು ಕಟ್ಟಿದರು. ಟ್ರಾನ್ಸ್‌ಜೆಂಡರ್ ಮತ್ತು ನಾನ್‌ಬೈನರಿ ಆಟಗಾರರಿಗೂ ತೆರೆದಿರುವ ಈ ಲೀಗಿನ ಮೊದಲ ಋತುವು 2019ರಲ್ಲಿ ನಡೆದು, ಪ್ರಶಸ್ತಿಯು ಕೊಲಂಬಿಯಾದಿಂದ ಬಂದ ಮೆಡೆಯಿನ್ ರೆವಲ್ಯೂಷನ್ ತಂಡದ ಪಾಲಾಯಿತು. ಅಮೆರಿಕದ ಪಶ್ಚಿಮ ಭಾಗಕ್ಕಾಗಿ ವೆಸ್ಟರ್ನ್ ಅಲ್ಟಿಮೇಟ್ ಲೀಗ್ ಎಂಬ ಇನ್ನೊಂದು ಮಹಿಳಾ ಲೀಗ್ ಸ್ಥಾಪಿತವಾಯಿತು. ವೃತ್ತಿಪರವೆಂಬ ಮಾತನ್ನು ಇಲ್ಲಿ ಸಡಿಲವಾಗಿ ಗ್ರಹಿಸಬೇಕು. ಆಟಗಾರ್ತಿಯರ ಜೀವನೋಪಾಯವು ಬೇರೆಯ ಉದ್ಯೋಗಗಳಿಂದಲೇ ನಡೆಯುತ್ತದೆ.

ಭಾರತದಲ್ಲಿ

ಭಾರತಕ್ಕೆ ಅಲ್ಟಿಮೇಟ್ ವ್ಯವಸ್ಥಿತ ರೂಪದಲ್ಲಿ ಬಂದುದು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ. ಚೆನ್ನೈ, ಬೆಂಗಳೂರು, ಅಹಮದಾಬಾದ್, ದೆಹಲಿ ಮೊದಲಾದ ನಗರಗಳಲ್ಲಿ ವಿದೇಶಗಳಿಂದ ಮರಳಿದವರೂ ಕಾಲೇಜು ತರುಣರೂ ಕಂಪನಿಗಳ ನೌಕರರೂ ಕೂಡಿ ತಂಡಗಳನ್ನು ಕಟ್ಟಿದರು. ಇಲ್ಲಿ ಮಿಶ್ರ ವಿಭಾಗವು ತಡವಾಗಿ ಬಂದ ಮೂರನೆಯದಲ್ಲ, ಮೊದಲಿನಿಂದಲೂ ಪ್ರಧಾನವಾದುದು. ಆಟಗಾರರ ಸಂಖ್ಯೆ ಚಿಕ್ಕದು, ಮೈದಾನಗಳು ದುರ್ಲಭ. ಒಂದೂರಿನಲ್ಲಿ ಹೆಣ್ಣುಮಕ್ಕಳ ಎರಡು ಪೂರ್ಣ ತಂಡಗಳನ್ನು ಕೂಡಿಸುವುದು ಆರಂಭದಲ್ಲಿ ಕಷ್ಟವಾಗಿದ್ದಿತು. ಬೆಂಗಳೂರಿನಲ್ಲಿ ಬೆಳಗಿನ ಜಾವವೇ ಇಲ್ಲವೆ ಗಂಟೆಯ ಬಾಡಿಗೆಗೆ ಹಿಡಿದ ಅಂಗಣದಲ್ಲಿ ಅಭ್ಯಾಸ ಮಾಡುವ ತಂಡಗಳು ಬಹುತೇಕ ಮಿಶ್ರವಾಗಿರುವುದಕ್ಕೆ ಈ ಲೌಕಿಕ ಕಾರಣಗಳೂ ಇವೆ. ಚೆನ್ನೈಯ ಕಡಲತೀರದಲ್ಲಿ ಬೆಳೆದ ಫ್ಲೈವೈಲ್ಡ್ ತಂಡವನ್ನು ಕುರಿತ 175 ಗ್ರಾಮ್ಸ್ ಎಂಬ ಕಿರುಚಿತ್ರವು 2015ರಲ್ಲಿ ಸನ್‌ಡಾನ್ಸ್ ಸಂಸ್ಥೆಯ ಕಿರುಚಿತ್ರ ಸ್ಪರ್ಧೆಯಲ್ಲಿ ಆಯ್ಕೆಯಾಗಿ, ಭಿನ್ನ ವರ್ಗಗಳ ಸ್ತ್ರೀಪುರುಷರು ಕೂಡಿ ಆಡುವ ಈ ಆಟವನ್ನು ಹೊರಲೋಕಕ್ಕೆ ಪರಿಚಯಿಸಿತು. ದೆಹಲಿಯ ವೈ-ಅಲ್ಟಿಮೇಟಿನಂತಹ ಸಂಸ್ಥೆಗಳು ಬಡ ಬಡಾವಣೆಗಳ ಹುಡುಗ ಹುಡುಗಿಯರನ್ನು ಒಂದೇ ತಂಡದಲ್ಲಿ ಆಡಿಸುವ ಶಿಕ್ಷಣಸಾಧನವಾಗಿ ಇದನ್ನು ಬಳಸಿಕೊಂಡಿವೆ. ಹುಡುಗಿಯರು ಹರೆಯಕ್ಕೆ ಬಂದೊಡನೆ ಮೈದಾನದಿಂದ ಮನೆಗೆ ಸರಿಯುವುದು ರೂಢಿಯಾದ ನೆಲೆಗಳಲ್ಲಿ, ತಂಡಕ್ಕೆ ಮೂವರು ಹುಡುಗಿಯರಾದರೂ ಇಲ್ಲದೆ ಪಂದ್ಯವೇ ನಡೆಯದೆಂಬ ನಿಯಮವು, ಅವರನ್ನು ಕರೆತರುವ ಹೊಣೆಯನ್ನು ಹುಡುಗರ ಮೇಲೆಯೂ ಹಾಕುತ್ತದೆ.

ಪ್ರಸ್ತುತ ಸ್ಥಿತಿ

2015ರಲ್ಲಿ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯು ವಿಶ್ವ ಹಾರುವ ಡಿಸ್ಕ್ ಒಕ್ಕೂಟಕ್ಕೆ ಪೂರ್ಣ ಮಾನ್ಯತೆಯನ್ನು ಕೊಟ್ಟಿತು. ನೆದರ್ಲೆಂಡಿನ ಲೈಡನ್ನಿನಲ್ಲಿ 2020ಕ್ಕೆ ಗೊತ್ತಾಗಿದ್ದ ವಿಶ್ವ ಚಾಂಪಿಯನ್‌ಷಿಪ್ ಸಾಂಕ್ರಾಮಿಕದಿಂದಾಗಿ ರದ್ದಾಗಿ, ರಾಷ್ಟ್ರೀಯ ತಂಡಗಳ ಮುಂದಿನ ಕೂಟವು 2024ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟಿನಲ್ಲಿ ನೆರವೇರಿತು. ಚೀನದಲ್ಲಿ 2021 ಮತ್ತು 2022ರ ಸುಮಾರಿಗೆ ನಗರದ ಯುವಜನರಲ್ಲಿ ಹಠಾತ್ತನೆ ಹಬ್ಬಿದ ಅಲ್ಟಿಮೇಟ್ ಕೂಡ ಪ್ರಧಾನವಾಗಿ ಮಿಶ್ರ ಆಟವೇ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಹೊಸದಾಗಿ ಸೇರಿದ ಕ್ರೀಡೆಗಳ ಪಟ್ಟಿಯಲ್ಲಿ ಕ್ರಿಕೆಟ್, ಸ್ಕ್ವಾಷ್, ಫ್ಲಾಗ್ ಫುಟ್‌ಬಾಲ್, ಲಕ್ರಾಸ್, ಬೇಸ್‌ಬಾಲ್ ಮತ್ತು ಸಾಫ್ಟ್‌ಬಾಲ್‌ಗಳು ಸ್ಥಾನ ಪಡೆದುವು, ಅಲ್ಟಿಮೇಟ್ ಪಡೆಯಲಿಲ್ಲ.